ಮೊದಲ ಬಿಂದಿಗೆ ಬಾವಿಗೇ

ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲಿ ಸೇದಿದ ಮೊದಲ ಬಿಂದಿಗೆ ನೀರು ಬಾವಿಗೇ ವಾಪಸು ಹೋಗುತ್ತಿತ್ತು. ಆ ದಿನ ಬೆಳಗ್ಗೆಯೂ ಹಾಗೆಯೇ ಆಯಿತು. ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಬಿಟ್ಟು, ಒಲೆಗೆ ಉರಿ ಕೊಟ್ಟು ಹಿತ್ತಲಿಗೆ ಬಂದೆ. ರಾಟೆಗೆ ಹಿಂದಿನ ಸಂಜೆ ಹರಳೆಣ್ಣೆ ಬಿಟ್ಟಿದ್ದೆ. ಆದರೂ ಅದು ಮೂರು ಸುತ್ತಿಗೊಮ್ಮೆ ಕೊರಗುವುದನ್ನು ಬಿಟ್ಟಿರಲಿಲ್ಲ. ಮೇಲೆ ಬಂದ ಬಿಂದಿಗೆಯನ್ನು ಕಟ್ಟೆಯ ಮೇಲಿಡದೆ, ಪೂರ್ವದ ಗೋಡೆಯ ಕಡೆಗೆ ವಾಲಿಸಿ ನಿಧಾನವಾಗಿ ಸುರಿದೆ. ಕೆಳಗೆ, ನೀರಿನಿಂದ ಗೇಣುದ್ದ ಮೇಲೆ, ಕಲ್ಲಿನದೊಂದು ಹೆಡೆ ಕಾಣುತ್ತಿತ್ತು. ನೀರು ಬಿದ್ದು ಅದು ಕಪ್ಪಗೆ ಹೊಳೆದರೆ ನನ್ನ ಕೆಲಸ ಮುಗಿದಂತೆ. ಎರಡನೆಯ ಬಿಂದಿಗೆಯಿಂದ ಮನೆಗೆ.

ಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು. ದೊಡ್ಡಬಳ್ಳಾಪುರದ ನೇಯ್ಗೆಯವರ ಬೀದಿಯಲ್ಲಿ ನಾವಿದ್ದೆವು. ನಮ್ಮ ಯಜಮಾನರು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಅವರ ಮನೆತನದವರು ಬೂದಿಗೆರೆ ಕಡೆಯ ಹಳ್ಳಿಯೊಂದರಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಮಾವನವರು ತೀರಿಕೊಂಡ ಮೇಲೆ ನಮ್ಮತ್ತೆ ಹೊಲವನ್ನು ಪಾಲಿಗೆ ಕೊಟ್ಟು ಮಗನ ಜೊತೆ ಪೇಟೆಗೆ ಬಂದರು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ನಮ್ಮಪ್ಪನಿಗೆ ಕಚೇರಿಯ ಕೆಲಸ, ಇಂಗ್ಲಿಷಿನ ಮೇಲೆ ಮೋಹ. ಬೆಳಗ್ಗೆ ಮನೆಯಲ್ಲಿ ತುಳಸಿಗೆ ನೀರು ಹಾಕಿ, ಒಂಬತ್ತು ಗಂಟೆಗೆ ಮರದ ಬೆಂಚಿನ ಮೇಲೆ ಮಂಡಿಯೂರಿ ಸಿಸ್ಟರುಗಳ ಪ್ರಾರ್ಥನೆ ಹೇಳುತ್ತಿದ್ದೆ. ಎರಡೂ ಒಂದಕ್ಕೊಂದು ತಗಲದೆ ನನ್ನೊಳಗಿದ್ದವು, ಒಂದೇ ಪೆಟ್ಟಿಗೆಯಲ್ಲಿಟ್ಟ ಎರಡು ಸೀರೆಗಳ ಹಾಗೆ.

ಬಾವಿಯೊಳಗಿನ ಆ ಕಲ್ಲಿನ ಕಥೆ ಹೇಳಿಬಿಡುತ್ತೇನೆ. ನನಗೆ ಎರಡು ಮಕ್ಕಳಾದವು, ಎರಡೂ ಉಳಿಯಲಿಲ್ಲ. ಮೊದಲನೆಯದು ಅಳಲೇ ಇಲ್ಲ. ಎರಡನೆಯದು ಹನ್ನೊಂದು ದಿನ ಇತ್ತು. ಅದರ ಕಿವಿಯ ಹಿಂದೆ ಸಾಸಿವೆಯಷ್ಟು ದೊಡ್ಡ ಮಚ್ಚೆಯಿತ್ತು. ಈಗಲೂ ಕಣ್ಣು ಮುಚ್ಚಿದರೆ ಮುಖಕ್ಕಿಂತ ಮೊದಲು ಆ ಮಚ್ಚೆಯೇ ಬರುತ್ತದೆ. ಅದಾದ ಮೇಲೆ ಅತ್ತೆ ಸರ್ಪದೋಷವೆಂದು ಕಲ್ಲುಕುಟಿಗರಿಂದ ನಾಗರಕಲ್ಲು ಕೆತ್ತಿಸಿದರು. ಒಂದೂವರೆ ಮೊಳ ಉದ್ದ, ಮುಕ್ಕಾಲು ಮೊಳ ಅಗಲ. ಮುಂಭಾಗದಲ್ಲಿ ಹೆಣೆದುಕೊಂಡ ಎರಡು ಹಾವು, ಹಿಂಭಾಗ ಚಪ್ಪಟೆ. ಹಾವುಗಳಿಗೆ ಕಣ್ಣಿರಲಿಲ್ಲ. ಪ್ರತಿಷ್ಠೆಯ ದಿನ ಮಾತ್ರ ಕಣ್ಣು ತೆರೆಸಬೇಕು, ಅಲ್ಲಿಯವರೆಗೆ ಅದು ಬರಿಯ ಕಲ್ಲು ಎಂದರು. ಕಲ್ಲು ಒಂದು ಮಂಡಲ, ಎಂದರೆ ನಲವತ್ತೆಂಟು ದಿನ, ನೀರಿನಲ್ಲಿರಬೇಕು. ಆಮೇಲೆ ಗಂಡ ಹೆಂಡತಿ ಜೊತೆಯಾಗಿ ಮಣೆಯ ಮೇಲೆ ಕೂತು ಒಂಬತ್ತು ಮೈಲಿ ದೂರದ ಘಾಟಿ ಕ್ಷೇತ್ರದಲ್ಲಿ ಅರಳಿಮರದ ಬುಡಕ್ಕೆ ಪ್ರತಿಷ್ಠೆ ಮಾಡಿಸಬೇಕು. ಹಾಗೆಂದು ಅದನ್ನು ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು, ಆಳು ಇಳಿಯಲೆಂದು ಗೋಡೆಯಿಂದ ಚಾಚಿದ ಕಲ್ಲುಗಳಲ್ಲಿ ಅಗಲವಾದ ಒಂದರ ಮೇಲೆ ನಿಲ್ಲಿಸಿದರು.

ನಲವತ್ತೆಂಟು ದಿನ ಮೂರು ವರ್ಷವಾಗಿತ್ತು. ನಮ್ಮ ಯಜಮಾನರು ಮಣೆಯ ಮೇಲೆ ಕೂರಲು ಒಪ್ಪಲಿಲ್ಲ. ಬೇಸಿಗೆಯಲ್ಲಿ ಬಾವಿ ಇಳಿದು ಹೆಡೆ ಹೊರಗೆ ಕಂಡಾಗಲೆಲ್ಲ ಅತ್ತೆ ಚಡಪಡಿಸುತ್ತಿದ್ದರು. ನೀರಿನಲ್ಲಿರಬೇಕಾದದ್ದು ಒಣಗಬಾರದು, ತಣ್ಣೀರು ಹುಯ್ಯಿ ಎನ್ನುತ್ತಿದ್ದರು. ಹಾಗೆ ಬಂದದ್ದು ಆ ಮೊದಲ ಬಿಂದಿಗೆಯ ಪದ್ಧತಿ.

ಬಾವಿ ಎರಡು ಮನೆಗೆ ಸೇರಿದ್ದು. ಆ ಕಡೆಯಿಂದ ಪಕ್ಕದ ಮನೆಯ ನೇಯ್ಗೆಯಾಕೆ ಕೊಡ ಹಿಡಿದು ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಮನೆಯಲ್ಲಿ ತೆಲುಗು, ಬಾವಿಕಟ್ಟೆಯಲ್ಲಿ ಕನ್ನಡ. ಒಳಗೆ ಆಕೆಯ ಗಂಡನ ಮಗ್ಗ ಆಗಲೇ ಸದ್ದು ಮಾಡುತ್ತಿತ್ತು. ಬಗ್ಗಿ ನೋಡಿ, ಕೊಡ ಕೆಳಗಿಟ್ಟು ಕೈಮುಗಿದಳು.

“ನಿಮ್ ಸ್ವಾಮಿ ಇನ್ನೂ ಮೇಲಕ್ಕೆ ಬಂದವ್ರೆ ನೋಡಿ ಮೇಷ್ಟ್ರಮ್ಮ. ಸೆಕೆ ತಡೀಲಾರ್ದೆ ಗಾಳಿಗೆ ಬಂದಂಗಿದೆ.”

“ನಿಮಗೆ ತಮಾಷೆ.”

“ತಮಾಷೆ ಏನು ಬಂತು, ದಿನಾ ಕೈ ಮುಗೀತೀನಿ. ಮೂರ್ ವರ್ಷದಿಂದ ನಿಮ್ ಸ್ವಾಮಿಗೆ ನಿಮಗಿಂತ ನಾನೇ ಹೆಚ್ಚು ಮುಗ್ದಿರ್ಬೇಕು.” ಆಮೇಲೆ ತಮ್ಮ ಒಗೆಯುವ ಕಲ್ಲನ್ನು ಕಾಲಿನಿಂದ ಮುಟ್ಟಿ ತೋರಿಸಿದಳು. ಅದು ಮಧ್ಯಕ್ಕೆ ಸೀಳಿತ್ತು. “ನೆನ್ನೆ ಇದೂ ಹೋಯ್ತು. ಪಂಚೆ ಒಗೆದ್ರೆ ಸೀಳಿಗೆ ಸಿಕ್ಕಿ ಪಂಚೇನೂ ಹೋಗತ್ತೆ. ಏಮೋ, ನಮ್ ಮನೇಲಿ ಕಲ್ಲೂ ಬಾಳಲ್ಲ.”

ನಾನು ನಕ್ಕು ಒಳಗೆ ಬಂದರೆ, ಅತ್ತೆ ಆಗಲೇ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿನ ತುದಿಗೆ ಗಂಟು ಹಾಕಿಕೊಂಡು ನಡುಮನೆಯಲ್ಲಿ ಕೂತಿದ್ದರು. ಮುಂದೆ ಬಿದಿರು ಬುಟ್ಟಿ. ಅದರಲ್ಲಿ ಅರಿಶಿನದಲ್ಲಿ ಅದ್ದಿ ಒಣಗಿಸಿದ ಹೊಸ ಬಟ್ಟೆ, ತೆಂಗಿನಕಾಯಿ, ಬಾಳೆಹಣ್ಣು. ಪಕ್ಕದಲ್ಲಿ ಮುಚ್ಚಿಟ್ಟ ಒಂದು ಚೊಂಬು ಹಾಲು. ಬಟ್ಟೆಯ ಒಂದು ಮೂಲೆಗೆ ಬಣ್ಣ ಹಿಡಿದಿರಲಿಲ್ಲ. ಅವರ ಕಣ್ಣು ಮಂಜಾಗುತ್ತಾ ಬಂದಿತ್ತು, ಅದು ಅವರಿಗೆ ಕಂಡಿರಲಾರದು.

“ಇವತ್ತು ಷಷ್ಠಿ” ಎಂದರು. “ಗಾಡಿಗೆ ಹೇಳಿ ಕಳಿಸಿವ್ನಿ. ನಿನ್ ಗಂಡನ ಊಟ ಆಗ್ಲಿ, ಕೇಳ್ತೀನಿ. ಇದೇ ಕೊನೆ ಸಲ ಕೇಳೋದು.”

ಹಿಂದಿನ ರಾತ್ರಿಯಿಂದ ಅವರು ಏನೂ ತಿಂದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ನಮ್ಮ ಯಜಮಾನರು ದೇವರನ್ನು ಬೈಯುವ ಜನ ಅಲ್ಲ. ಆಗ ಊರಿನಲ್ಲಿ ಅಂಥವರು ಕೆಲವರು ಆಗಿದ್ದರು. ವಾಚನಾಲಯದ ಜಗಲಿಯಲ್ಲಿ ಕೂತು, ದೇವರಿದ್ದಿದ್ದರೆ ಇಷ್ಟು ದೊಡ್ಡ ಯುದ್ಧ ಯಾಕಾಗುತ್ತಿತ್ತು ಎಂದು ವಾದಿಸುವ ಹುಡುಗರು, ಅವರಿಗೆ ಉತ್ತರ ಕೊಡಲಾರದೆ ಎದ್ದು ಹೋಗುವ ಹಿರಿಯರು. ನಮ್ಮ ಬೀದಿಯ ಗುಡಿಯಲ್ಲಿ ಸಂಜೆಯ ಮಂಗಳಾರತಿಗೆ ಮೂರು ಮುದುಕಿಯರು ಮತ್ತು ನಾನು ನಿಲ್ಲುತ್ತಿದ್ದೆವು. ಗಂಟೆ ಬಾರಿಸಲು ಯಾರೂ ಇಲ್ಲದೆ ಪೂಜಾರಿಯೇ ಒಂದು ಕೈಯಲ್ಲಿ ಆರತಿ, ಇನ್ನೊಂದರಲ್ಲಿ ಗಂಟೆ ಹಿಡಿಯುತ್ತಿದ್ದರು. ಅದೇ ಹೊತ್ತಿಗೆ ಹೋಟೆಲಿನ ರೇಡಿಯೋ ಮುಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಯಾರೂ ಗುಡಿಗೆ ಹೋಗಬೇಡಿ ಎಂದಿರಲಿಲ್ಲ. ಹೋಗುವುದು ಮರೆತುಹೋಗುತ್ತಿತ್ತು, ಅಷ್ಟೆ.

ಇವರು ಆ ಜಗಲಿಗೂ ಹೋಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಶನಿವಾರದ ಭಜನೆಗೆ ಇವರದೇ ಮೊದಲ ದನಿಯಂತೆ. ಮಗುವಿಗೆ ಜ್ವರ ಬಂದಾಗ ಮೂರು ಗುಡಿ ಸುತ್ತಿ ಭಸ್ಮ ತಂದು ಅದರ ಹಣೆಗೆ ಹಚ್ಚಿದ್ದು ಇವರೇ. ಮಗು ಹೋದ ಮೇಲೆ ತಮ್ಮ ತೋಳಿನ ತಾಯತವನ್ನು ಹಲ್ಲಿನಿಂದ ಕಡಿದು ಬಿಚ್ಚಿ, ಒಲೆಗೂ ಹಾಕದೆ, ಬೀದಿಗೂ ಎಸೆಯದೆ, ಗೂಡಿನಲ್ಲಿ ಕತ್ತರಿಯ ಪಕ್ಕ ಇಟ್ಟರು. ಅಲ್ಲಿಂದ ಮುಂದೆ ದೇವರ ಮಾತು ಎತ್ತಲಿಲ್ಲ. ಸಾವಿನ ಮನೆಗೆ ಬಾರದ ನೆಂಟನ ಜೊತೆ ಮಾತು ಬಿಡುತ್ತಾರಲ್ಲ, ಹಾಗೆ.

ಮುದ್ದೆ, ಸೊಪ್ಪಿನ ಸಾರು ಉಂಡು ಅವರು ಕೈ ತೊಳೆದು ಬಂದರು. ಅತ್ತೆ ಕೂತಲ್ಲಿಂದಲೇ ಕೇಳಿದರು.

“ಏನ್ಲಾ, ಬರ್ತೀಯೋ ಇಲ್ವೋ?”

“ಅವ್ವ, ಪರೀಕ್ಷೆ ನಡೀತಿದೆ. ಅದೂ ಅಲ್ದೆ ನನ್ನ ಕೈಲಾಗಲ್ಲ. ನಂಬಿಕೆ ಇಲ್ದೆ ಅಲ್ಲಿ ಕೂತು ನಾಟಕ ಆಡ್ಲಾ?”

“ಆಡು. ಮದುವೆ ಮನೇಲಿ ಬೀಗರನ್ನ ಕಂಡು ನಗಲ್ವಾ? ಒಳಗೆ ಸಂತೋಷ ಇದ್ದೇ ನಗ್ತೀಯಾ?”

ಅವರು ನಕ್ಕುಬಿಟ್ಟರು. ಅತ್ತೆಯೂ ನಗುತ್ತಾರೆಂದು ನಾನು ಕಾದೆ. ಅವರು ನಗಲಿಲ್ಲ. ಬುಟ್ಟಿಯ ಬಿದಿರೆಳೆಯೊಂದನ್ನು ಉಗುರಿನಿಂದ ಎಬ್ಬಿಸುತ್ತಾ, ನೆಲ ನೋಡಿಕೊಂಡು ಹೇಳಿದರು.

“ನಿಮ್ಮಪ್ಪ ಹಾವು ಹೊಡೆದ ದೋಷ ಅಂತ ಎಲ್ರಿಗೂ ಹೇಳ್ಕೊಂಡು ಬಂದೆ. ಸತ್ತೋನ ಮೇಲೆ ಹಾಕ್ಬಿಟ್ಟೆ. ಹೊಡೆದಿದ್ದು ನಾನು ಕಣಪ್ಪ. ನೀನು ತೊಟ್ಟಿಲಲ್ಲಿದ್ದೆ. ಅದು ತೊಟ್ಟಿಲ ಕೆಳಗಿದ್ದ ಗೋಡೆ ಬಿಲದಿಂದ ತಲೆ ಹಾಕ್ತು. ಮುದ್ದೆಗೆ ಎಸರು ಕುದೀತಿತ್ತು. ಮಡಕೆ ಎತ್ಕೊಂಡು ಬಂದು ಹುಯ್ದುಬಿಟ್ಟೆ. ಒಂದೇ ಸಲಕ್ಕೆ ಸಾಯ್ಲಿಲ್ಲ ಅದು.”

ಪಕ್ಕದ ಮನೆಯ ಮಗ್ಗ ಒಂದೇ ಸಮನೆ ಬಡಿಯುತ್ತಿತ್ತು. ಮೂರು ಬೇಸಿಗೆ ನಾನು ಸುರಿದ ತಣ್ಣೀರು ಯಾತಕ್ಕೆಂದು ನನಗೆ ಆಗ ತಿಳಿಯಿತು. ಅಲ್ಲಿಯವರೆಗೂ ಅದನ್ನು ಶಾಸ್ತ್ರವೆಂದುಕೊಂಡಿದ್ದೆ. ಶಾಸ್ತ್ರದಲ್ಲಿ ಅದು ಇರಲೇ ಇಲ್ಲ.

ಇವರು ತಾಯಿಯ ಎದುರು ಕುಕ್ಕರುಗಾಲಿನಲ್ಲಿ ಕೂತರು. ಅವರ ದನಿ ಮೆತ್ತಗಾಗಿತ್ತು. “ಅವ್ವ, ಆ ಹಾವಿಗೂ ಮಕ್ಕಳಿಗೂ ಸಂಬಂಧ ಇಲ್ಲ. ನೀನು ನನ್ನ ಉಳಿಸ್ಕೊಂಡೆ, ಅಷ್ಟೆ. ಇದನ್ನ ಮನಸ್ಸಿಂದ ತೆಗೆದುಹಾಕು.”

“ಸಂಬಂಧ ಇಲ್ಲ ಅಂದ್ರೆ, ಯಾಕೆ ಹೋದ್ವು ಅವು?”

“ಕಾರಣ ಏನಿಲ್ಲ. ಸುಮ್ನೆ ಹೋದ್ವು.”

“ಸುಮ್ನೆ ಯಾರಾದ್ರೂ ಸಾಯ್ತಾರೇನ್ಲಾ?” ಎಂದರು ಅತ್ತೆ. ಕೋಪದ ಮಾತಾಗಿರಲಿಲ್ಲ ಅದು. ನಿಜವಾಗಿಯೂ ಕೇಳುತ್ತಿದ್ದರು.

ಇವರು ಎದ್ದು ಕೋಟು ಹಾಕಿಕೊಂಡರು. ಗುಂಡಿ ಹಾಕುವಾಗ ಒಂದು ಕಾಜ ತಪ್ಪಿಸಿದರು. ಅದನ್ನು ಹೇಳುವಷ್ಟರಲ್ಲಿ ಹೊರಟಾಗಿತ್ತು. ಬಾಗಿಲ ಬಳಿ ನಿಂತು ತಿರುಗಿದರು.

“ಆಯ್ತವ್ವ. ಒಂದ್ ಮಾತು. ನಿನ್ ಸೊಸೆ ಹೇಳ್ಲಿ, ಈ ಕಲ್ಲಿಂದ ಒಳ್ಳೇದಾಗತ್ತೆ ಅಂತ ನಾನು ನಂಬ್ತೀನಿ ಅಂತ. ಮಕ್ಕಳನ್ನ ಹೊತ್ತಿದ್ದು ಅವಳು. ಅವಳು ನಂಬ್ತೀನಿ ಅಂದ್ರೆ ಅವಳಿಗೋಸ್ಕರ ಕೂರ್ತೀನಿ. ಈಗ್ಲೇ ರಜಾ ಚೀಟಿ ಬರೀತೀನಿ.”

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಒರೆಸುತ್ತಿದ್ದ ಕಂಚಿನ ತಟ್ಟೆಯಿತ್ತು. ಅತ್ತೆಯ ಮುಖ ಅರಳಿತು. ಗೆದ್ದಾಯಿತು ಎಂದುಕೊಂಡರು. ಸಂಜೆ ಸಂಜೆ ಅವರ ಜೊತೆ ಗುಡಿಗೆ ಹೋಗುವವಳು, ಹೇಳದೇ ಹೆಡೆಗೆ ನೀರು ಸುರಿಯುವವಳು ನಾನಲ್ಲವೇ? “ಹೇಳು ಮಗಾ” ಎಂದರು.

ನಾನು ಏಳೆಂಟು ವರ್ಷದವಳಿದ್ದಾಗ, ಜಪಸರದ ಪ್ರಾರ್ಥನೆಯನ್ನೆಲ್ಲ ಹೇಳಿ ಮುಗಿಸಿದೆ ಎಂದು ಒಬ್ಬ ಸಿಸ್ಟರಿಗೆ ಸುಳ್ಳು ಹೇಳಿದ್ದೆ. ಆಕೆ ಹೊಡೆಯಲಿಲ್ಲ. ನನ್ನ ಗಲ್ಲ ಹಿಡಿದು, ದೇವರ ವಿಷಯದಲ್ಲಿ ಇರುವುದನ್ನಷ್ಟೇ ಹೇಳಬೇಕು, ಇಲ್ಲದ್ದನ್ನು ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು ಎಂದರು. ಅವರ ಕೈಗೆ ಸೀಮೆಸುಣ್ಣದ ವಾಸನೆಯಿತ್ತು. ಆ ಮಾತು ನನ್ನೊಳಗೆ ಎಷ್ಟು ಆಳಕ್ಕೆ ಹೋಗಿತ್ತೆಂದು ನನಗೇ ತಿಳಿದಿರಲಿಲ್ಲ.

ನಂಬುತ್ತೇನೆಯೇ ಎಂದು ಒಳಗೆ ಹುಡುಕಿದೆ. ಹನ್ನೊಂದನೆಯ ದಿನದ ನಂತರ ಗುಡಿಯಲ್ಲಿ ನಿಂತರೆ ನನಗೆ ಕಾಣುತ್ತಿದ್ದುದು ದೀಪದ ಎಣ್ಣೆ, ಪೂಜಾರಿಯ ಉತ್ತರೀಯದ ತೇಪೆ, ನೆಲದ ಮೇಲಿನ ಇರುವೆಸಾಲು. ಇಂಗ್ಲಿಷಿನ ಪ್ರಾರ್ಥನೆಯೂ ಬಾಯಿಗೆ ಬರುತ್ತಿತ್ತು, ಬರಿಯ ಮಾತಾಗಿ. ಮಗು ತೀರಿಕೊಂಡ ಮೇಲೆ ಅತ್ತೆ ಒಮ್ಮೆ, “ನಿನ್ ಸಿಸ್ಟರುಗಳ ಆ ಅಮ್ಮನಿಗೂ ಒಂದು ಬತ್ತಿ ಹಚ್ಚು ಮಗಾ, ಯಾವ ಅಮ್ಮ ಆದ್ರೇನು, ಹೆತ್ತೋಳು ತಾನೆ” ಎಂದಿದ್ದರು. ಹಚ್ಚಿದ್ದೆ. ಮೇಣ ಕರಗಿ ತಟ್ಟೆಗೆ ಅಂಟಿದ್ದನ್ನು ಕೆರೆದು ತೆಗೆದದ್ದು ನೆನಪಿದೆ. ಬೇರೇನೂ ನೆನಪಿಲ್ಲ.

“ನಂಗೆ ಗೊತ್ತಿಲ್ಲ ಅತ್ತೆ” ಎಂದೆ.

ಗೊತ್ತಿಲ್ಲ ಎಂದರೆ ಯಾರ ಪಕ್ಷವೂ ಅಲ್ಲ, ಯಾರಿಗೂ ನೋವಾಗುವುದಿಲ್ಲ ಎಂದುಕೊಂಡಿದ್ದೆ. ಅತ್ತೆ ನನ್ನನ್ನೇ ನೋಡಿದರು. ಅವರ ಮಂಜುಗಣ್ಣಿಗೆ ನಾನು ಎಷ್ಟು ಕಂಡೆನೋ.

“ಅವ್ನು ಇಲ್ಲ ಅಂತಾನೆ. ಅವನ ಜೊತೆ ಜಗಳ ಆಡ್ಬೋದು, ಇಷ್ಟ್ ದಿನ ಆಡ್ದೆ” ಎಂದರು. “ನಿನ್ನ ಜೊತೆ ಏನಂತ ಆಡ್ಲಿ?”

ಇವರು ಶಾಲೆಗೆ ಹೋದರು.

ಹತ್ತು ಗಂಟೆಯ ಹೊತ್ತಿಗೆ ಗಾಡಿ ಬಂತು. ಗಾಡಿಯವನು ಅತ್ತೆಯ ಹಳ್ಳಿಯ ಕಡೆಯವನೇ, ಮಾತುಗಾರ. “ಎಲ್ರೀ ಮೇಷ್ಟ್ರು? ಎತ್ತೇ ಸಿದ್ಧವಾಗಿ ನಿಂತಿವೆ, ಮನುಷ್ಯರೇ ಇಲ್ಲ” ಎಂದ. ಅತ್ತೆ ಅವನನ್ನು ಬಾವಿಗೆ ಇಳಿಸಿದರು. ಪಕ್ಕದ ಮನೆಯ ಯಜಮಾನರು ಮಗ್ಗ ಬಿಟ್ಟು ಬಂದು ಹಗ್ಗ ಹಿಡಿದರು, ನಾನೂ ನೇಯ್ಗೆಯಾಕೆಯೂ ಹಿಂದಿನಿಂದ ಎಳೆದೆವು. ಕಲ್ಲು ಗೋಡೆಗೆ ತಾಗಿ ತಾಗಿ ಮೇಲೆ ಬಂತು. ಕೆಳಗಿನ ಅರ್ಧ ಪಾಚಿಗಟ್ಟಿ ಹಸಿರು, ಮೇಲಿನ ಅರ್ಧ ಬೂದಿ. ಎರಡು ಹಾವು ಹೆಣೆದುಕೊಂಡಿದ್ದ ಸಂದಿನಲ್ಲಿ ಸಣ್ಣದೊಂದು ಬಸವನಹುಳು ಮನೆ ಮಾಡಿತ್ತು.

ಅತ್ತೆ ತೆಂಗಿನ ನಾರು ಹಿಡಿದು ಕೂತು ಉಜ್ಜಿದರು. ಪಾಚಿ ಹೋದ ಮೇಲೆ ಹಾವುಗಳ ತಲೆಯನ್ನು ಬೆರಳಿನಿಂದ ಸವರಿದರು, ಕಣ್ಣಿರಬೇಕಾದ ಜಾಗದಲ್ಲಿ.

“ನಾನೊಬ್ಳೇ ತಗೊಂಡ್ ಹೋಗಿ ಮರದ ಕೆಳಗೆ ಇಟ್ಟು ಬಂದ್ರೆ?” ಎಂದು ಗಾಡಿಯವನನ್ನು ಕೇಳಿದರು.

“ಇಟ್ಟು ಬರ್ಬೋದು ಅಜ್ಜಿ, ಯಾರ್ ಬೇಡ ಅಂತಾರೆ. ಜೋಡಿ ಕೂರ್ದಿದ್ರೆ ಕಣ್ಣು ತೆರ್ಸಲ್ಲ. ಕಣ್ಣು ತೆರ್ಸ್ದೆ ಇದ್ರೆ ಕಲ್ಲು. ಕಲ್ಲು ಹೊತ್ಕೊಂಡು ಒಂಬತ್ತು ಮೈಲಿ ಯಾಕೆ ಹೋಗ್ಬೇಕು, ಇಲ್ಲೇ ಐತಲ್ಲ.”

ಅತ್ತೆ ಗಾಡಿಯನ್ನು ಹಿಂದಕ್ಕೆ ಕಳಿಸಿದರು. ಆಮೇಲೆ ನೆರಳು ಬಾವಿಕಟ್ಟೆ ಬಿಟ್ಟು ಹೋಗುವವರೆಗೂ ಅಲ್ಲೇ ಕೂತಿದ್ದರು. ನಾನು ಎರಡು ಸಲ ಕರೆದೆ. ಮೂರನೆಯ ಸಲ ಅವರೇ ಎದ್ದು ಒಳಗೆ ಬಂದು, ಬುಟ್ಟಿಯ ಪಕ್ಕದ ಹಾಲಿನ ಚೊಂಬನ್ನು ನನ್ನ ಮುಂದಿಟ್ಟರು.

“ಒಡೆದು ಹೋಗತ್ತೆ ಇದು. ಕಾಫಿ ಮಾಡು.”

ನಾನು ನಿಂತೇ ಇದ್ದೆ. ಮೀಸಲು ಹಾಲು ಅದು. ಷಷ್ಠಿಯ ದಿನ ಪೂಜೆಯಾಗದೆ ಅವರು ನೀರನ್ನೂ ಬಾಯಿಗೆ ಹಾಕಿದ್ದನ್ನು ನಾನು ಕಂಡಿರಲಿಲ್ಲ.

“ಕೇಳಿಸ್ಲಿಲ್ವಾ? ಬೆಲ್ಲ ಇನ್ನೊಂಚೂರು ಹಾಕು” ಎಂದರು.

ಮಾಡಿದೆ. ಗೋಡೆಗೆ ಒರಗಿ ಕೂತು, ಲೋಟವನ್ನು ಸೆರಗಿನಲ್ಲಿ ಹಿಡಿದು, ಊದಿ ಊದಿ ಕುಡಿದರು. ನಾನು ಅವರನ್ನು ನೋಡದಿರಲು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತೆ. ಇವರು ಹೇಳಿದ ಹಾಗೆ ಅತ್ತೆ ಅದನ್ನೆಲ್ಲ ಮನಸ್ಸಿನಿಂದ ತೆಗೆದುಹಾಕಿದ್ದರೆ ಅವರ ಮುಖ ಹಗುರವಾಗಬೇಕಿತ್ತು. ಹಾಗಾಗಲಿಲ್ಲ. ದೋಷಕ್ಕೆ ಪರಿಹಾರವಿತ್ತು, ಕೇಳಲು ದೇವರೊಬ್ಬನಿದ್ದ. ಅವನು ಎದ್ದು ಹೋದ ಮೇಲೆ ಹಾವೂ ಬಿಸಿನೀರೂ ಎರಡು ಮಕ್ಕಳೂ ಅವರ ಬಳಿಯೇ ಉಳಿದವು.

ಸಂಜೆ ಇವರು ಹಿತ್ತಲ ಬಾಗಿಲಿನಿಂದ ಬಂದರು. ಕಟ್ಟೆಯ ಪಕ್ಕ ಮಲಗಿದ್ದ ಕಲ್ಲನ್ನು ಕಂಡು ನಿಂತು, ಚಪ್ಪಲಿಯನ್ನು ಅಲ್ಲೇ ಕಳಚಿ, ಕಲ್ಲನ್ನು ಬಳಸಿಕೊಂಡು ಒಳಗೆ ಬಂದರು. ಕೋಟಿನ ಗುಂಡಿ ಇನ್ನೂ ತಪ್ಪಾಗಿಯೇ ಇತ್ತು. ಇಡೀ ದಿನ ಹಾಗೆಯೇ ಮಕ್ಕಳ ಮುಂದೆ ನಿಂತಿದ್ದರು.

“ಹೋಗ್ಲಿಲ್ವಾ ಅವ್ವ?”

“ಇಲ್ಲ.”

ಇವರು ಕಂಬ ಹಿಡಿದು ನಿಂತರು. “ನಾಳೆ ಹೋಗೋಣ. ನಾನು ಕೂರ್ತೀನಿ. ಯಾರೂ ಏನೂ ಹೇಳೋದು ಬೇಡ. ನಾನೇ ಕೂರ್ತೀನಿ.”

ನಾನು ಅತ್ತೆಯ ಮುಖ ನೋಡಿದೆ. ಮೂರು ವರ್ಷ ಅವರು ಕಾದದ್ದು ಈ ಮಾತಿಗೆ. ಅವರು ಬುಟ್ಟಿಯೊಳಗಿನ ಬಾಳೆಹಣ್ಣೊಂದನ್ನು ಮುರಿದು ಮಗನ ಕಡೆ ಚಾಚಿದರು.

“ಬೇಡ ಬಿಡಪ್ಪ. ನಿಂಗೆ ಪರೀಕ್ಷೆ ಅಲ್ವಾ. ತಿನ್ನು, ಹಣ್ಣಾಗಿದೆ.”

ದೀಪ ಹಚ್ಚುವ ಹೊತ್ತಾಗಿತ್ತು. ಆ ಕೆಲಸ ಯಾವತ್ತೂ ಅತ್ತೆಯದೇ, ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ. ಆ ದಿನ ಅವರು ದೇವರ ಗೂಡಿನ ಕಡೆ ತಿರುಗಲಿಲ್ಲ. ಕತ್ತಲಾಗುತ್ತಿದ್ದ ಗೂಡನ್ನು ನೋಡಲಾರದೆ ನಾನೇ ಬತ್ತಿ ಹೊಸೆದು ಹಚ್ಚಿದೆ. ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ. ಬೆಂಕಿಕಡ್ಡಿ ಬೆರಳು ಸುಟ್ಟದ್ದು ನೆನಪಿದೆ.

ನೀರಿಗೆಂದು ಬಿಂದಿಗೆ ಹಿಡಿದು ಬಾವಿಗೆ ಹೋದೆ. ಸೇದಿದ ಮೊದಲ ಬಿಂದಿಗೆಯನ್ನು ಕೈ ತಾನಾಗಿಯೇ ಪೂರ್ವದ ಗೋಡೆಯ ಕಡೆಗೆ ವಾಲಿಸಿತು. ಕೆಳಗೆ ನೀರು ಮಾತ್ರವಿತ್ತು, ಹೆಡೆ ನಿಂತಿದ್ದ ಜಾಗದಲ್ಲಿ ಗೋಡೆಯ ಮೇಲೊಂದು ಒದ್ದೆಯ ಗುರುತು. ಬಿಂದಿಗೆಯನ್ನು ನೆಟ್ಟಗೆ ಮಾಡಿ ಕಟ್ಟೆಯ ಮೇಲಿಟ್ಟೆ.

ಆ ಕಡೆಯಿಂದ ನೇಯ್ಗೆಯಾಕೆ ಸೋಪು ನೀರಿನಲ್ಲಿ ನೆನೆದ ಬಟ್ಟೆಯ ಬಕೆಟ್ಟು ಹೊತ್ತು ಬಂದು ಇಳಿಸಿದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಕಲ್ಲನ್ನು ಒಮ್ಮೆ ನೋಡಿ, ಬಗ್ಗಿ ಅದರ ಅಂಚಿಗೆ ಕೈ ಹಾಕಿ ಸ್ವಲ್ಪ ಎತ್ತಿ, ಅಡಿಯನ್ನು ಸವರಿದಳು.

“ಹಿಂದ್ಗಡೆ ಎಷ್ಟ್ ಚಪ್ಪಟೆಯಾಗಿದೆ ನೋಡಿ ಮೇಷ್ಟ್ರಮ್ಮ. ಹೆಂಗೂ ಕಣ್ಣು ತೆರ್ಸಿಲ್ಲ. ನಿಮಗೆ ಬೇಡ್ದಿದ್ರೆ ಹೇಳಿ, ಮಗುಚಿ ಹಾಕ್ಕೊಂಡು ಬಟ್ಟೆ ಒಗೀತೀನಿ.”